ಸನ್ನೆಯನ್ನು ಟೈಪ್ ಮಾಡುವುದು ಹೇಗೆ: ಸೈನ್‌ರೈಟಿಂಗ್, ಹ್ಯಾಮ್‌ನೋಸಿಸ್, ಗ್ಲಾಸ್‌ಗಳಲ್ಲಿ ಯಾವ ಕೆಲಸಕ್ಕೆ ಯಾವುದು?

ಸನ್ನೆ ಭಾಷೆಯ ಬರಹಕ್ಕೂ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಜಾಗತಿಕ ಪಟ್ಟಿ) ಬಂದಿದೆ ಎಂಬ ಮಾತು ನಿಜ, ಆದರೆ ಅರ್ಧ ಮಾತ್ರ. 2015ರಲ್ಲಿ ಬಂದ ಯೂನಿಕೋಡ್ 8.0 ಆವೃತ್ತಿಯಲ್ಲಿ 'ಸಟನ್ ಸೈನ್‌ರೈಟಿಂಗ್' ಎಂಬ, ಸನ್ನೆಗಳನ್ನು ಚಿಹ್ನೆಗಳಲ್ಲಿ ಬರೆಯುವ ಲಿಪಿಯ ವಿಭಾಗಕ್ಕೆ 672 ಸಂಕೇತಗಳು ಸೇರಿದವು. ಅದನ್ನು ನಂಬಿ ಒಂದೇ ಒಂದು ಸನ್ನೆ ಟೈಪ್ ಮಾಡಲು ಕೂತು ನೋಡಿ. ಕೈ ಸಿಗುತ್ತದೆ, ಬಾಣ ಸಿಗುತ್ತದೆ, ಮುಖವೂ ಸಿಗುತ್ತದೆ. ಕೈಯನ್ನು ಮುಖದ ಪಕ್ಕಕ್ಕೆ ಇಡಬೇಕೋ ಕೆಳಗೆ ಇಡಬೇಕೋ ಎಂದು ಹೇಳುವ ದಾರಿ ಮಾತ್ರ ಸಿಗುವುದಿಲ್ಲ. ಸನ್ನೆ ಭಾಷೆಯಲ್ಲಿ ಜಾಗವೇ ಅರ್ಥ. ಜಾಗ ಬಿಟ್ಟು ಬರೆದರೆ ಕಾಗುಣಿತ ಬಿಟ್ಟು ಬರೀ ವ್ಯಂಜನ ಬರೆದ ಹಾಗೆ.

ಹಾಗಾಗಿ 'ಯಾವ ಲಿಪಿ ಒಳ್ಳೆಯದು' ಎಂದು ಕೇಳುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಬರೆದದ್ದನ್ನು ಯಾರು ಬಳಸುತ್ತಾರೆ ಎಂದು ಕೇಳಿಕೊಳ್ಳಿ. ಸನ್ನೆ ಬಲ್ಲವರು ಕಣ್ಣಲ್ಲಿ ಓದಬೇಕೆ, ಕಂಪ್ಯೂಟರ್ ಅದರಲ್ಲಿ ಹುಡುಕಬೇಕೆ, ಪರದೆಯ ಮೇಲಿನ ಬೊಂಬೆ ಅದನ್ನು ನೋಡಿ ಕೈ ಆಡಿಸಬೇಕೆ? ಈ ಮೂರಕ್ಕೂ ಉತ್ತರ ಬೇರೆ ಬೇರೆ.

ಮೊದಲು ಬದಿಗಿಡಬೇಕಾದವು

ಎಮೋಜಿ. ಹೆಬ್ಬೆರಳು, ತೋರುಬೆರಳು, ಕಿರುಬೆರಳು ಚಾಚಿದ 'ಐ ಲವ್ ಯು' ಕೈ 2017ರಲ್ಲಿ ಬಂತು, ಕಿವಿಯ ಬಳಿ ಬೆರಳಿಟ್ಟ ಕಿವುಡ ವ್ಯಕ್ತಿಯ ಚಿತ್ರ 2019ರಲ್ಲಿ. ಶುಭಾಶಯಕ್ಕೆ ಚೆನ್ನ, ಬರಹಕ್ಕೆ ಆಗುವುದಿಲ್ಲ. ಎಮೋಜಿ ಕೈಯನ್ನು ಬೇಕಾದ ಕೋನಕ್ಕೆ ತಿರುಗಿಸಲು ಬರುವುದಿಲ್ಲ, ಚಲನೆಯಂತೂ ಇಲ್ಲವೇ ಇಲ್ಲ. ಹೆಬ್ಬೆರಳು ಮಡಿಸಿದ ಇನ್ನೊಂದು ಕೈ ಎಮೋಜಿ ಬೇರೆ ಇದೆ. ಅದು ರಾಕ್ ಸಂಗೀತದವರ ಕೊಂಬು. ಸಣ್ಣ ಪರದೆಯಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ಪೋಸ್ಟರ್‌ಗಳಲ್ಲಿ ಅದಲುಬದಲಾಗುತ್ತಲೇ ಇರುತ್ತವೆ.

ಬೆರಳಕ್ಷರದ ಫಾಂಟ್. ಎ ಒತ್ತಿದರೆ ಒಂದು ಕೈ, ಬಿ ಒತ್ತಿದರೆ ಇನ್ನೊಂದು ಕೈ. ಉಚಿತವಾಗಿ ಸಿಗುವ ಇಂಥ ಫಾಂಟ್‌ಗಳಲ್ಲಿ ಬಹುಪಾಲು ಅಮೆರಿಕದ ಒಂಟಿ ಕೈ ಅಕ್ಷರಮಾಲೆ. ಭಾರತೀಯ ಸನ್ನೆ ಭಾಷೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಬ್ರಿಟಿಷ್ ಪದ್ಧತಿಯ ಹಾಗೆ ಎರಡು ಕೈಯಿಂದ ತೋರಿಸುತ್ತಾರೆ. ಅಮೆರಿಕದ ಫಾಂಟ್ ಹಾಕಿ ಅಚ್ಚು ಮಾಡಿದ ಚಾರ್ಟನ್ನು ಇಲ್ಲಿನ ಶಾಲೆಯ ಗೋಡೆಗೆ ಅಂಟಿಸಿದರೆ ಮಗು ತನ್ನ ಗೆಳೆಯರು ಬಳಸದ ಅಕ್ಷರ ಕಲಿಯುತ್ತದೆ. ಹೇಗೂ ಬೆರಳಕ್ಷರ ಎಂದರೆ ಹೆಸರು, ಊರು, ಹೊಸ ಪದಗಳ ಕಾಗುಣಿತ ಬಿಡಿಸಿ ಹೇಳುವ ಉಪಾಯ ಅಷ್ಟೆ. ಅದೇ ಸನ್ನೆ ಭಾಷೆಯಲ್ಲ.

ಸ್ಟೋಕಿ ಪದ್ಧತಿ. ವಿಲಿಯಂ ಸ್ಟೋಕಿ 1960ರಲ್ಲಿ ಅಮೆರಿಕನ್ ಸನ್ನೆ ಭಾಷೆಗಾಗಿ ಮಾಡಿದ್ದು. ಜಾಗಕ್ಕೆ 12, ಕೈಯ ಆಕಾರಕ್ಕೆ 19, ಚಲನೆಗೆ 24, ಹೀಗೆ ಒಟ್ಟು 55 ಚಿಹ್ನೆ. ಸನ್ನೆಗೂ ವ್ಯಾಕರಣವಿದೆ ಎಂದು ಭಾಷಾವಿಜ್ಞಾನಿಗಳು ಒಪ್ಪಿದ್ದರಲ್ಲಿ ಈ ಕೆಲಸದ ಪಾಲು ದೊಡ್ಡದು. ಆದರೆ ಹುಬ್ಬು, ತುಟಿ, ತಲೆಯಾಟಕ್ಕೆ ಅದರಲ್ಲಿ ಜಾಗವಿಲ್ಲ, ಕೈಯಾಕಾರಗಳೂ ಅಮೆರಿಕದವು. ಹಳೆಯ ನಿಘಂಟು ಓದಲು ಕಲಿಯಿರಿ, ಹೊಸ ಕೆಲಸ ಅದರಲ್ಲಿ ಶುರು ಮಾಡಬೇಡಿ.

ಸೈನ್‌ರೈಟಿಂಗ್: ಓದುವ ಕಣ್ಣಿಗಾಗಿ

ವ್ಯಾಲರಿ ಸಟನ್ 1974ರಲ್ಲಿ ಡೆನ್ಮಾರ್ಕ್‌ನಲ್ಲಿ, ತಾವೇ ಮಾಡಿದ್ದ ನೃತ್ಯಲಿಪಿಯಿಂದ ಇದನ್ನು ರೂಪಿಸಿದರು. ಯಾವುದೇ ದೇಶದ ಸನ್ನೆ ಭಾಷೆಗೂ ಒಗ್ಗುತ್ತದೆ. ಪದಗಳನ್ನು ಕಂಬ ಕಂಬವಾಗಿ ಮೇಲಿನಿಂದ ಕೆಳಕ್ಕೆ ಬರೆಯುವುದು ರೂಢಿ. ಸನ್ನೆ ಮಾಡುವವರು ತಮ್ಮ ಕೈಯನ್ನು ತಾವೇ ನೋಡಿಕೊಂಡ ಹಾಗೆ ಬರೆಯುವುದರಿಂದ ಬಲಗೈ ಬಲಕ್ಕೇ ಇರುತ್ತದೆ. ಅಂಗೈ ನಮ್ಮ ಕಡೆ ಇದ್ದರೆ ಚಿಹ್ನೆ ಬಿಳಿ, ಕೈಯ ಬೆನ್ನು ನಮ್ಮ ಕಡೆ ಇದ್ದರೆ ಕಪ್ಪು, ಕೈಯ ಅಂಚು ಕಂಡರೆ ಅರ್ಧ ಕಪ್ಪು ಅರ್ಧ ಬಿಳಿ. ಕೈ ನೆಲಕ್ಕೆ ಸಮಾಂತರವಾಗಿ ಮಲಗಿದ್ದರೆ ಬೆರಳಿಗೂ ಅಂಗೈಗೂ ನಡುವೆ ಸಣ್ಣ ಬಿರುಕು ಬಿಡುತ್ತಾರೆ. ಹೀಗೆ ಮೂರು ಬಣ್ಣ, ಎರಡು ಸಮತಲ ಸೇರಿ ಒಂದು ಕೈಗೆ ಆರು ತುಂಬುವಿಕೆ. ಜೊತೆಗೆ 16 ತಿರುವು: ಮೊದಲ ಎಂಟು 45 ಡಿಗ್ರಿ ಲೆಕ್ಕದಲ್ಲಿ ಒಂದು ಸುತ್ತು, ಉಳಿದ ಎಂಟು ಅದರ ಕನ್ನಡಿ ಬಿಂಬ, ಅಂದರೆ ಇನ್ನೊಂದು ಕೈ.

2010ರ ಚಿಹ್ನೆಪಟ್ಟಿಯಲ್ಲಿ ಮೂಲ ಚಿಹ್ನೆ 652. ತುಂಬುವಿಕೆ, ತಿರುವು ಎಲ್ಲ ಸೇರಿ ನಿಜವಾಗಿ ಬಳಕೆಗೆ ಬರುವ ರೂಪ 37,811. ಯೂನಿಕೋಡ್‌ನ 672ರ ಲೆಕ್ಕ ಇಲ್ಲಿಂದ ಬಂದದ್ದು: 652 ಮೂಲ ಚಿಹ್ನೆ, 5 ತುಂಬುವಿಕೆಯ ಗುರುತು, 15 ತಿರುವಿನ ಗುರುತು. ಮೊದಲ ತುಂಬುವಿಕೆಗೂ ಮೊದಲ ತಿರುವಿಗೂ ಗುರುತಿಲ್ಲ. ಏನೂ ಹಾಕದಿದ್ದರೆ ಅದೇ ಎಂದರ್ಥ, ನಮ್ಮ ವ್ಯಂಜನದೊಳಗೆ 'ಅ' ಅಡಗಿರುವ ಹಾಗೆ.

ಒಂದು ಸನ್ನೆಯನ್ನು ಹತ್ತಿರದಿಂದ ನೋಡೋಣ. 'ನಮಸ್ಕಾರ' ಎಂದರೆ ಜೋಡಿಸಿದ ಎರಡು ಕೈ. (ಇಲ್ಲಿ ಕನ್ನಡದಲ್ಲಿ ಬರೆದಿರುವ ಎಸ್, ಎಂ, ಎಕ್ಸ್ ಮುಂತಾದ ಸಂಕೇತಾಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಲ್ಯಾಟಿನ್ ಅಕ್ಷರಗಳಲ್ಲೇ ಒತ್ತಬೇಕು.) ಆ ಚಿಹ್ನೆಪಟ್ಟಿಯಲ್ಲಿ ಚಪ್ಪಟೆ ಕೈಯ ಮೂಲ ಸಂಖ್ಯೆ ಎಸ್15ಎ. ಬಲಗೈಯ ಅಂಚು ಕಾಣಬೇಕು, ಬೆರಳು ಮೇಲಕ್ಕಿರಬೇಕು: ಎಸ್15ಎ10. ಎಡಗೈ ಅದರ ಕನ್ನಡಿ ಬಿಂಬ: ಎಸ್15ಎ18. ನಡುವೆ ಮುಟ್ಟುವಿಕೆಯ ನಕ್ಷತ್ರ: ಎಸ್20500. ಕೊನೆಯ ಎರಡು ಅಂಕಿಗಳಲ್ಲಿ ಮೊದಲನೆಯದು ತುಂಬುವಿಕೆ, ಎರಡನೆಯದು ತಿರುವು. ಎರಡೂ ಸೊನ್ನೆಯಿಂದ ಎಣಿಕೆ.

ಇದನ್ನೇ ಯೂನಿಕೋಡ್ ವಿಭಾಗದಲ್ಲಿ ಬರೆದರೆ ಬಲಗೈಗೆ ಯು+1ಡಿ85ಎ (ಯು+ ಎಂದರೆ ಯೂನಿಕೋಡ್ ಸಂಖ್ಯೆ), ಅದರ ಬೆನ್ನಿಗೆ ತುಂಬುವಿಕೆ-2. ಎಡಗೈಗೆ ಅದೇ ಚಿಹ್ನೆ, ತುಂಬುವಿಕೆ-2, ಆಮೇಲೆ ತಿರುವು-9. ನಕ್ಷತ್ರ ಯು+1ಡಿ905. ಒಟ್ಟು ಆರು ಸಂಕೇತ, 24 ಬೈಟ್. ಇಲ್ಲಿನ ಎಣಿಕೆ ಒಂದರಿಂದ ಶುರುವಾಗುತ್ತದೆ ಎಂಬುದನ್ನು ಗಮನಿಸಿ: ಅಲ್ಲಿನ 1 ಇಲ್ಲಿ 2, ಅಲ್ಲಿನ 8 ಇಲ್ಲಿ 9. ಪರಿವರ್ತನೆಯ ಪ್ರೋಗ್ರಾಂ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ಒಂದು ಅಂಕಿ ತಪ್ಪಿದರೆ ಪರದೆಯಲ್ಲಿ ದೋಷವೇನೂ ಕಾಣುವುದಿಲ್ಲ. ಕೈ 45 ಡಿಗ್ರಿ ವಾಲಿ ಬೇರೆ ಸನ್ನೆಯಾಗಿಬಿಡುತ್ತದೆ, ಅದನ್ನು ಸನ್ನೆ ಬಲ್ಲವರೇ ಹಿಡಿಯಬೇಕು. ಇಷ್ಟೆಲ್ಲ ಸರಿ ಮಾಡಿ, ನೋಟೋ ಸಾನ್ಸ್ ಸೈನ್‌ರೈಟಿಂಗ್ ಫಾಂಟ್ ಹಾಕಿ ನೋಡಿದರೂ ಕಾಣುವುದು ಜೋಡಿಸಿದ ಕೈಗಳಲ್ಲ. ಸಾಲಾಗಿ ನಿಂತ ಎರಡು ಕೈ, ಒಂದು ನಕ್ಷತ್ರ!

ಆ ಜಾಗದ ಸಮಸ್ಯೆ ಬಿಡಿಸಲು ಸ್ಟೀವ್ ಸ್ಲೆವಿನ್‌ಸ್ಕಿ ರೂಪಿಸಿದ್ದು 'ಫಾರ್ಮಲ್ ಸೈನ್‌ರೈಟಿಂಗ್', ಚಿಕ್ಕದಾಗಿ ಎಫ್‌ಎಸ್‌ಡಬ್ಲ್ಯು. ಇದಕ್ಕೆ ವಿಶೇಷ ಅಕ್ಷರವೇ ಬೇಡ. ಮಾಮೂಲಿ ಲ್ಯಾಟಿನ್ ಅಕ್ಷರ ಮತ್ತು ಅಂಕಿಗಳಲ್ಲೇ ಇಡೀ ಸನ್ನೆ ಇರುತ್ತದೆ. ಅಮೆರಿಕನ್ ಸನ್ನೆ ಭಾಷೆಯ 'ಹಲೋ'ಗೆ ಉದಾಹರಣೆಯಾಗಿ ಕೊಡುವ ಸಾಲು ಹೀಗಿದೆ: ಎಂ518ಎಕ್ಸ್529, ಎಸ್14ಸಿ20481ಎಕ್ಸ್471, ಎಸ್27106503ಎಕ್ಸ್489. ಅಸಲು ಸಾಲಿನಲ್ಲಿ ಅಲ್ಪವಿರಾಮವೂ ಇಲ್ಲ, ಖಾಲಿ ಜಾಗವೂ ಇಲ್ಲ. ಎಂ ಎಂದರೆ ನಡುಕಂಬ. ಎಡ ಬಲ ಕಂಬಗಳಿಗೆ ಎಲ್, ಆರ್ ಇವೆ, ಮೈ ಒಂದು ಕಡೆಗೆ ವಾಲಿಸಿ ಇಬ್ಬರ ಮಾತು ತೋರಿಸುವಾಗ ಬಳಸುತ್ತಾರೆ. 518, 529 ಚೌಕದ ಕೆಳಬಲ ಮೂಲೆ. ನಡುಬಿಂದು ಯಾವಾಗಲೂ 500, 500. ಅಂಕಿಗಳು 250ರಿಂದ 749ರೊಳಗೇ ಇರಬೇಕು. ಮುಂದಿನ ಎಸ್14ಸಿ20 ಬೆರಳು ಬಿಡಿಸಿದ ಕೈ, ಕಪ್ಪು ತುಂಬುವಿಕೆ. ಅದರ ಮೇಲೆಡ ಮೂಲೆ 481, 471ರಲ್ಲಿ. ಎಸ್271 ಚಲನೆಯ ಚಿಹ್ನೆ. ಇಡೀ ಸನ್ನೆ 34 ಬೈಟ್. ಎಸ್ಸೆಮ್ಮೆಸ್‌ನಲ್ಲೂ ಹೋಗುತ್ತದೆ, ಎಕ್ಸೆಲ್‌ನಲ್ಲೂ ಕೂರುತ್ತದೆ, ಹಳೇ ಡೇಟಾಬೇಸೂ ತಕರಾರು ಮಾಡುವುದಿಲ್ಲ.

ಇದರದ್ದೇ ಮೂರನೆಯ ರೂಪ ಎಸ್‌ಡಬ್ಲ್ಯುಯು. ಅಂಕಿಗೊಂದು, ಚಿಹ್ನೆಗೊಂದು ಯೂನಿಕೋಡ್ ಸ್ಥಾನ ಹಿಡಿಯುತ್ತದೆ. ಮೇಲಿನ 'ಹಲೋ' 9 ಅಕ್ಷರಕ್ಕೆ ಇಳಿಯುತ್ತದೆ, ಬೈಟ್ ಲೆಕ್ಕದಲ್ಲಿ ಮಾತ್ರ 36. ಇದಕ್ಕಾಗಿಯೇ ಮಾಡಿದ ಫಾಂಟ್‌ಗಳೊಂದಿಗೆ ಸೊಗಸಾಗಿ ಕಾಣುತ್ತದೆ. ಆದರೆ ಒಂದು ದೊಡ್ಡ ಗುಂಡಿ ಇದೆ. ಇದರ ರಚನಾ ಗುರುತು ಮತ್ತು ಅಂಕಿಗಳು ಕೂತಿರುವುದು ಅಧಿಕೃತ ಸೈನ್‌ರೈಟಿಂಗ್ ವಿಭಾಗದ ಮೇಲೆಯೇ. ಯು+1ಡಿ9ಎಫ್‌ಎಫ್ ಎಂದರೆ ಯೂನಿಕೋಡ್‌ಗೆ ತಲೆಯ ವೃತ್ತ, ಎಸ್‌ಡಬ್ಲ್ಯುಯುಗೆ 749 ಎಂಬ ಅಂಕಿ. ಚಿಹ್ನೆಗಳೋ 'ನಾಲ್ಕನೆಯ ತಳ' ಎಂಬ ದೊಡ್ಡ ಭಾಗದಲ್ಲಿ, ಯೂನಿಕೋಡ್ ಇನ್ನೂ ಯಾರಿಗೂ ಹಂಚದ ಜಾಗದಲ್ಲಿ ಇವೆ. ಹೀಗಾಗಿ ಎಸ್‌ಡಬ್ಲ್ಯುಯು ಬರಹವನ್ನು ನೋಟೋ ಫಾಂಟ್‌ನಲ್ಲಿ ತೆರೆದರೆ ಅಂಕಿಗಳ ಜಾಗದಲ್ಲಿ ಕೈಗಳು ಕುಣಿಯುತ್ತವೆ, ಕೈಗಳ ಜಾಗದಲ್ಲಿ ಖಾಲಿ ಚೌಕ. 'ಫೈಲ್ ಕೆಟ್ಟಿದೆ' ಎಂದು ಬಿಸಾಡುವ ಮುಂಚೆ ಯಾವ ರೂಪದ ಬರಹ, ಯಾವ ಫಾಂಟ್ ಎಂದು ನೋಡಿ.

ನಮ್ಮ ತೀರ್ಮಾನ ಇಷ್ಟು: ಉಳಿಸುವುದು ಎಫ್‌ಎಸ್‌ಡಬ್ಲ್ಯು ರೂಪದಲ್ಲಿ, ತೋರಿಸುವುದು ಎಸ್‌ವಿಜಿ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಚಿತ್ರರೂಪ) ಚಿತ್ರವಾಗಿ. ಎಸ್‌ಡಬ್ಲ್ಯುಯು ನಿಮ್ಮದೇ ಆ್ಯಪ್‌ನ ಒಳಗೆ ಇರಲಿ. ಅಧಿಕೃತ ಯೂನಿಕೋಡ್ ವಿಭಾಗವನ್ನು ಲಿಪಿಯ ಬಗ್ಗೆ ಬರೆಯುವಾಗ ಬಿಡಿ ಚಿಹ್ನೆ ತೋರಿಸಲು ಬಳಸಿ, ಪಠ್ಯ ಬರೆಯಲು ಬೇಡ. ಇಡೀ ಚಿಹ್ನೆಪಟ್ಟಿಯ ಫಾಂಟ್ ಫೈಲು ಮೆಗಾಬೈಟ್‌ಗಟ್ಟಲೆ ಭಾರ. ಹಳ್ಳಿಯ ಮೊಬೈಲ್ ನೆಟ್‌ನಲ್ಲಿ ಅದು ಇಳಿಯುವ ಹೊತ್ತಿಗೆ ಓದುವವರು ಪುಟ ಮುಚ್ಚಿರುತ್ತಾರೆ. ಒಂದೊಂದು ಸನ್ನೆಯ ಎಸ್‌ವಿಜಿ ಹಗುರ.

ಬರೆಯಲು ಪ್ರತ್ಯೇಕ ಕೀಬೋರ್ಡ್ ಬೇಕಿಲ್ಲ. ಸೈನ್‌ಮೇಕರ್‌ನಂಥ ಉಪಕರಣದಲ್ಲಿ ಚಿಹ್ನೆ ಆರಿಸಿ, ಚೌಕಕ್ಕೆ ಎಳೆದು ತಂದು, ತುಂಬುವಿಕೆ, ತಿರುವು, ಕನ್ನಡಿ ಗುಂಡಿ ಒತ್ತುತ್ತಾ ಹೊಂದಿಸಬೇಕು. ಎರಡು ವಿಷಯ ಮರೆಯಬೇಡಿ. ತಲೆ ಇರುವ ಸನ್ನೆಯಲ್ಲಿ ನಡುಬಿಂದು ತಲೆಯ ಮೇಲೆ ಕೂರಲಿ, ಇಲ್ಲದಿದ್ದರೆ ಕಂಬದಲ್ಲಿ ಓದುವಾಗ ಒಂದು ತಲೆ ಎಡಕ್ಕೆ, ಮುಂದಿನದು ಬಲಕ್ಕೆ ತೂಗಾಡುತ್ತದೆ. ಇನ್ನೊಂದು, ನಿಘಂಟು ಮಾಡುವುದಾದರೆ ಸಾಲಿನ ಮೊದಲಿಗೆ 'ಎ' ಗುರುತು ಹಾಕಿ ಚಿಹ್ನೆಗಳ ಕ್ರಮ ಬರೆಯಿರಿ. ಅದಿಲ್ಲದೆ ಅಕಾರಾದಿ ಜೋಡಿಸಿದರೆ ಎಂ ಮುಂದಿನ ಅಂಕಿಯ ಮೇಲೆ ಸಾಲು ನಿಲ್ಲುತ್ತದೆ, ಅಂದರೆ ನಿಮ್ಮ ನಿಘಂಟು ಕೈಯಾಕಾರದ ಬದಲು ಚೌಕದ ಅಗಲದ ಪ್ರಕಾರ ಜೋಡಣೆಯಾಗಿರುತ್ತದೆ.

ಹುಡುಕಾಟ ಈ ಪದ್ಧತಿಯ ಬಲ. ಹುಡುಕಾಟದ ಗುರುತಾದ ಕ್ಯೂ ಹಾಕಿ, ಎಸ್15ಎ ಬರೆದು, ಆಮೇಲೆ ಎರಡು ಬಾರಿ ಯು ಹಾಕಿದರೆ 'ಚಪ್ಪಟೆ ಕೈ, ಯಾವ ತುಂಬುವಿಕೆಯಾದರೂ ಸರಿ, ಯಾವ ತಿರುವಾದರೂ ಸರಿ' ಎಂದರ್ಥ. ಪದ ಗೊತ್ತಿಲ್ಲದೆ ಬರೀ ಕೈ ನೋಡಿದವರೂ ಅದರ ಅರ್ಥ ಹುಡುಕಬಹುದು. ವಿಡಿಯೊ ನಿಘಂಟಿನಲ್ಲಿ ಹಾಗೆ ಹುಡುಕಲು ಯಾರಾದರೂ ಮೊದಲೇ ಕೈಯಾಕಾರದ ಪಟ್ಟಿ ಕಟ್ಟಿಟ್ಟಿರಬೇಕು.

ಕೈಕೊಡುವ ಜಾಗಗಳು ಇನ್ನೂ ಕೆಲವಿವೆ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಹಳೇ 'ಯುಟಿಎಫ್8' ಅಕ್ಷರವ್ಯವಸ್ಥೆ ಮೂರು ಬೈಟ್‌ವರೆಗೆ ಮಾತ್ರ ಹಿಡಿಯುತ್ತದೆ. ಸೈನ್‌ರೈಟಿಂಗ್ ಸಂಕೇತಗಳೆಲ್ಲ ನಾಲ್ಕು ಬೈಟ್, ಹಾಗಾಗಿ 'ಯುಟಿಎಫ್8ಎಂಬಿ4' ಬೇಕು. ಜಾವಾಸ್ಕ್ರಿಪ್ಟ್ ಉದ್ದ ಎಣಿಸುವಾಗ ಪ್ರತಿಯೊಂದನ್ನೂ ಎರಡು ಎಂದು ಎಣಿಸುತ್ತದೆ, ಅಕ್ಷರಮಿತಿ ಹಾಕಿ ಕತ್ತರಿಸಿದರೆ ಚಿಹ್ನೆ ನಡುವೆಯೇ ತುಂಡಾಗುತ್ತದೆ. ಎಫ್‌ಎಸ್‌ಡಬ್ಲ್ಯುಗೆ ಇವೆರಡರ ಭಯವಿಲ್ಲ, ಅದರ ಶತ್ರು ಕೀಬೋರ್ಡ್. ಚಿಕ್ಕಕ್ಷರದಲ್ಲಿರಬೇಕಾದ ಎಸ್14ಸಿಯ 'ಸಿ'ಯನ್ನು ಫೋನು ತಾನಾಗಿ ದೊಡ್ಡಕ್ಷರ ಮಾಡಿದರೆ ಸಾಲು ಹೊಂದುವುದಿಲ್ಲ. ಕನ್ನಡ ಕೀಬೋರ್ಡ್‌ನಿಂದ ೫೧೮ ಎಂದು ಕನ್ನಡ ಅಂಕಿ ಬಿದ್ದರೂ ಅಷ್ಟೆ. ಕಣ್ಣಿಗೆ ಅಂಕಿಯೇ, ಪ್ರೋಗ್ರಾಂಗೆ ಕಸ.

ಹ್ಯಾಮ್‌ನೋಸಿಸ್: ಬೊಂಬೆಗಾಗಿ

ಹ್ಯಾಂಬರ್ಗ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಹುಟ್ಟಿದ ಸಂಶೋಧಕರ ಲಿಪಿ ಇದು. ಸುಮಾರು 200 ಚಿಹ್ನೆ, ಎಡದಿಂದ ಬಲಕ್ಕೆ ಒಂದೇ ಸಾಲು. ಎರಡೂ ಕೈ ಹೇಗೆ ಹೊಂದುತ್ತವೆ, ಕೈಯಾಕಾರ, ಬೆರಳಿನ ದಿಕ್ಕು, ಅಂಗೈ ದಿಕ್ಕು, ಜಾಗ, ಚಲನೆ, ಇದೇ ಕ್ರಮದಲ್ಲಿ ಬರೆಯಬೇಕು. 'ನಮಸ್ಕಾರ'ವನ್ನು ಎಡಬಲ ಸಮರೂಪ, ಚಪ್ಪಟೆ ಕೈ, ಬೆರಳು ಮೇಲಕ್ಕೆ, ಅಂಗೈ ಎಡಕ್ಕೆ, ಎದೆ, ಮುಟ್ಟುವಿಕೆ ಎಂದು ಬಿಡಿಸಿ ಬರೆಯುತ್ತಾರೆ. ಅಂಗೈಯನ್ನು ಬಲಗೈಗೆ ಮಾತ್ರ ಹೇಳಿದರೆ ಸಾಕು, ಸಮರೂಪದ ಗುರುತು ಇರುವುದರಿಂದ ಎಡಗೈ ತಾನೇ ಕನ್ನಡಿಯಾಗುತ್ತದೆ.

ಓದಲು ಇದು ಹಿತವಲ್ಲ, ಹಾಗೆಂದು ಯಾರೂ ಹೇಳಿಕೊಳ್ಳುವುದೂ ಇಲ್ಲ. ಇದರ ಉಪಯೋಗ ಬೇರೆ ಕಡೆ. 'ಸಿಗ್‌ಎಂಎಲ್' ಎಂಬ ಎಕ್ಸ್‌ಎಂಎಲ್ ರೂಪಕ್ಕೆ ತಿರುಗಿಸಿ ಕೊಟ್ಟರೆ ಜೆಎ ಸೈನಿಂಗ್‌ನಂಥ ತಂತ್ರಾಂಶದ ಅವತಾರ್ (ಪರದೆಯ ಬೊಂಬೆ) ಸನ್ನೆ ಮಾಡಿ ತೋರಿಸುತ್ತದೆ. ಭಾರತೀಯ ಸನ್ನೆ ಭಾಷೆಗೆ ಅವತಾರ್ ಮಾಡಲು ಹೊರಟ ನಮ್ಮ ದೇಶದ ಸಂಶೋಧಕರೂ ಈ ದಾರಿ ಹಿಡಿದದ್ದುಂಟು.

ಚಿಹ್ನೆಗಳು ಯೂನಿಕೋಡ್‌ನ ಖಾಸಗಿ ಜಾಗದಲ್ಲಿವೆ. ಅದು ಯಾರು ಬೇಕಾದರೂ ಏನು ಬೇಕಾದರೂ ಇಟ್ಟುಕೊಳ್ಳಬಹುದಾದ ಜಾಗ. ಐಕಾನ್ ಫಾಂಟ್‌ಗಳೂ ಅಲ್ಲೇ ಬಿಡಾರ ಹೂಡಿರುತ್ತವೆ. ಹ್ಯಾಮ್‌ನೋಸಿಸ್ ಸಾಲನ್ನು ಬೇರೆ ಕಡೆ ಅಂಟಿಸಿದಾಗ ಕೈ ಇದ್ದ ಕಡೆ ಖಾಲಿ ಚೌಕವೋ ಸಂಬಂಧವೇ ಇಲ್ಲದ ಐಕಾನೋ ಬರುವುದು ಅದಕ್ಕೇ. ಪರಿಹಾರ ಸರಳ: ಚಿಹ್ನೆ ಉಳಿಸಬೇಡಿ, ಅದರ ಹೆಸರು ಉಳಿಸಿ. ಸಿಗ್‌ಎಂಎಲ್‌ನಲ್ಲಿ ಪ್ರತಿ ಚಿಹ್ನೆಗೂ 'ಹ್ಯಾಮ್‌ಫ್ಲಾಟ್‌ಹ್ಯಾಂಡ್' ಎಂಬಂಥ ಹೆಸರಿದೆ, ಲ್ಯಾಟಿನ್‌ನಲ್ಲಿ ಬರೆದ ಆ ಹೆಸರು ಎಲ್ಲಿ ಹೋದರೂ ಕೆಡುವುದಿಲ್ಲ. ಮುಖಭಾವವನ್ನು ಮಾತ್ರ ಪ್ರತ್ಯೇಕವಾಗಿ ಸೇರಿಸಬೇಕು. ಅದನ್ನು ಬಿಟ್ಟರೆ ಅವತಾರ್ ಪ್ರಶ್ನೆಯನ್ನೂ ಹೇಳಿಕೆಯನ್ನೂ ಒಂದೇ ಕಲ್ಲುಮುಖದಲ್ಲಿ ಹೇಳುತ್ತದೆ.

ಗ್ಲಾಸ್: ಕನ್ನಡದಲ್ಲಿ ಬರೆಯುವಾಗ

ಕುಡಿಯುವ ಗ್ಲಾಸ್ ಅಲ್ಲ. ಒಂದೊಂದು ಸನ್ನೆಗೂ ಮಾತಿನ ಭಾಷೆಯ ಒಂದು ಪದವನ್ನು ಚೀಟಿಯ ಹಾಗೆ ಅಂಟಿಸುವ ಪದ್ಧತಿ. ಖರ್ಚಿಲ್ಲ, ಫಾಂಟ್ ಬೇಡ, ವಿಡಿಯೊ ಜೊತೆಗಿದ್ದರೆ ಇದರಷ್ಟು ಉಪಯುಕ್ತ ಇನ್ನೊಂದಿಲ್ಲ. ವಿಡಿಯೊ ಇಲ್ಲದಿದ್ದರೆ ಇದರಷ್ಟು ಮೋಸವೂ ಇನ್ನೊಂದಿಲ್ಲ, ಏಕೆಂದರೆ 'ಅಮ್ಮ' ಎಂದು ಬರೆದದ್ದನ್ನು ಓದಿ ಕೈ ಎಲ್ಲಿತ್ತು ಎಂದು ಯಾರೂ ಹೇಳಲಾರರು.

ಇಂಗ್ಲಿಷ್‌ನಲ್ಲಿ ಗ್ಲಾಸನ್ನು ದೊಡ್ಡಕ್ಷರದಲ್ಲಿ ಬರೆದು ಮಾಮೂಲಿ ಪದದಿಂದ ಬೇರೆ ಮಾಡುತ್ತಾರೆ. ಕನ್ನಡಕ್ಕೆ ದೊಡ್ಡಕ್ಷರವಿಲ್ಲ. ಅದಕ್ಕೆ ಚೌಕ ಆವರಣ ಬಳಸಿ, ಒಂದು ಆವರಣಕ್ಕೆ ಒಂದೇ ಸನ್ನೆ. ಪದಕ್ಕೆ ವಿಭಕ್ತಿ, ಕಾಲ, ಲಿಂಗದ ಪ್ರತ್ಯಯ ಹಚ್ಚಬೇಡಿ: [ನಾಳೆ] [ನಾನು] [ಮೈಸೂರು] [ಹೋಗು]. 'ಮೈಸೂರಿಗೆ', 'ಹೋಗುತ್ತೇನೆ' ಎಂದು ಬರೆದರೆ ಸನ್ನೆಯಲ್ಲಿ ಇಲ್ಲದ್ದನ್ನು ಸೇರಿಸಿದ ಹಾಗೆ. ಪದಗಳ ಕ್ರಮವನ್ನೂ ಕನ್ನಡಕ್ಕೆ ಒಗ್ಗಿಸಬೇಡಿ. ನಾವು 'ನೀನು ಎಲ್ಲಿಗೆ ಹೋಗ್ತೀಯ' ಅನ್ನುತ್ತೇವೆ, ಭಾರತೀಯ ಸನ್ನೆ ಭಾಷೆಯಲ್ಲಿ ಪ್ರಶ್ನೆಯ ಸನ್ನೆ ಸಾಮಾನ್ಯವಾಗಿ ಕೊನೆಗೆ: [ನೀನು] [ಹೋಗು] [ಎಲ್ಲಿ].

ಕನ್ನಡದ ಜೋಡಿ ಅರ್ಥದ ಪದಗಳು ಇಲ್ಲಿ ಕಾಲಿಗೆ ತೊಡರುತ್ತವೆ. [ಹತ್ತು] ಎಂದರೆ ಅಂಕಿಯೋ ಮರ ಹತ್ತುವುದೋ? [ಕಾಡು] ಎಂದರೆ ಅರಣ್ಯವೋ ಪೀಡಿಸುವುದೋ? [ಹತ್ತು-ಅಂಕಿ], [ಹತ್ತು-ಏರು] ಎಂದು ಮೊದಲ ದಿನವೇ ಬೇರೆ ಮಾಡಿ. ಒಂದೇ ಅರ್ಥಕ್ಕೆ ಊರಿಂದೂರಿಗೆ ಬೇರೆ ಸನ್ನೆ ಇರುವುದೂ ಸಾಮಾನ್ಯ. ಅಲ್ಲಿ [ಅಮ್ಮ-1], [ಅಮ್ಮ-2] ಎಂದು ಸಂಖ್ಯೆ ಕೊಟ್ಟು, ಕೊಟ್ಟ ಸಂಖ್ಯೆಯನ್ನು ಮತ್ತೆ ಬದಲಿಸಬೇಡಿ.

ಕಾಣದ ತೊಂದರೆ ಇನ್ನೊಂದು: ಶೂನ್ಯ ಅಗಲದ ಅಕ್ಷರ. 'ಬಸ್‌ಸ್ಟ್ಯಾಂಡ್' ಬರೆಯುವಾಗ ಒತ್ತಕ್ಷರ ಸೇರದಂತೆ ಕೆಲವು ಕೀಬೋರ್ಡ್‌ಗಳು ನಡುವೆ ಕಾಣದ ಅಕ್ಷರವೊಂದನ್ನು ತುರುಕುತ್ತವೆ, ಕೆಲವು ತುರುಕುವುದಿಲ್ಲ. ಇಬ್ಬರು ಟೈಪ್ ಮಾಡಿದ ಒಂದೇ ಪದ ಹುಡುಕಾಟದಲ್ಲಿ ಎರಡಾಗುತ್ತದೆ. ಯೂನಿಕೋಡ್ ಸಾಮಾನ್ಯೀಕರಣ (ಒಂದೇ ಪದದ ಬೇರೆ ಬೇರೆ ಬರಹವನ್ನು ಒಂದೇ ರೂಪಕ್ಕೆ ತರುವುದು) ಮಾಡಿದರೂ ಅದು ಹೋಗುವುದಿಲ್ಲ, ಹುಡುಕಾಟದ ಸೂಚಿಯಿಂದ ಅದನ್ನು ಕೈಯಾರೆ ತೆಗೆಯಬೇಕು.

ವಿಡಿಯೊಗೆ ಗ್ಲಾಸ್ ಹೊಂದಿಸಲು ಈಲಾನ್ ಎಂಬ ತಂತ್ರಾಂಶ ಬಳಸಿ. ನೆದರ್ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯದು, ಉಚಿತ. ಬಲಗೈ, ಎಡಗೈ, ಮುಖ, ಕನ್ನಡ ಅರ್ಥ, ಹೀಗೆ ನಾಲ್ಕು ಪಟ್ಟಿ ಸಾಕು. ಮುಖದ ಪಟ್ಟಿ ಬಿಟ್ಟುಬಿಟ್ಟರೆ ಆಮೇಲೆ ಇಡೀ ವಿಡಿಯೊ ಮತ್ತೆ ನೋಡಬೇಕಾಗುತ್ತದೆ.

ಹಾಗಾದರೆ ಯಾವುದು?

ಶಾಲೆಗೋ ಸಂಘಕ್ಕೋ ಪದಪಟ್ಟಿ ಮಾಡುತ್ತಿದ್ದರೆ ವಿಡಿಯೊ ಮತ್ತು ಕನ್ನಡ ಗ್ಲಾಸ್‌ನಿಂದ ಶುರು ಮಾಡಿ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2021ರಲ್ಲಿ ಹೊರತಂದ ಮೂರನೆಯ ಆವೃತ್ತಿಯ ನಿಘಂಟಿನಲ್ಲಿ 10,000 ಪದಗಳಿವೆ, ಅದೂ ವಿಡಿಯೊ ರೂಪದ್ದೇ. ಓದುಗರಿಗೆ ಸೈನ್‌ರೈಟಿಂಗ್ ಕಲಿಸುವ ಉದ್ದೇಶವಿದ್ದರೆ, ಅಥವಾ ಮಕ್ಕಳು ತಮ್ಮ ಭಾಷೆಯಲ್ಲೇ ಕತೆ ಬರೆಯಲಿ ಎಂದಿದ್ದರೆ ಸೈನ್‌ರೈಟಿಂಗ್ ಬಿಟ್ಟು ಬೇರೆ ದಾರಿ ಕಾಣುವುದಿಲ್ಲ. ಆದರೆ ಕಲಿಸುವವರಿಲ್ಲದೆ ಪುಸ್ತಕ ಅಚ್ಚು ಹಾಕಿಸಿದರೆ ಅದನ್ನು ಯಾರೂ ಓದಲಾರರು. ಅವತಾರ್ ಯೋಜನೆಗೆ ಹ್ಯಾಮ್‌ನೋಸಿಸ್, ಮುಖಭಾವಕ್ಕೆ ಸಮಯ ಮೀಸಲಿಟ್ಟು.

ಯಾವುದನ್ನೇ ಆರಿಸಿ, ಕೋಷ್ಟಕದಲ್ಲಿ ಆರು ಕಂಬ ಇಡಿ: ಬದಲಾಗದ ಸಂಖ್ಯೆ, ಕನ್ನಡ ಗ್ಲಾಸ್, ವಿಡಿಯೊ ಫೈಲಿನ ಹೆಸರು, ಊರು, ಎಫ್‌ಎಸ್‌ಡಬ್ಲ್ಯು, ಸಿಗ್‌ಎಂಎಲ್. ಕೊನೆಯ ಎರಡು ಸದ್ಯಕ್ಕೆ ಖಾಲಿ ಇದ್ದರೂ ಇರಲಿ. ವೆಬ್ ಪುಟದಲ್ಲಿ ಸೈನ್‌ರೈಟಿಂಗ್ ಹಾಕುವಾಗ ಭಾಷೆಯ ಗುರುತು 'ಐಎನ್‌ಎಸ್', ಲಿಪಿಯ ಗುರುತು 'ಎಸ್‌ಜಿಎನ್‌ಡಬ್ಲ್ಯು' ಎಂದು ಕೊಡಿ. ಜೊತೆಗೆ ಅನುವಾದ ಬೇಡ ಎಂಬ ಗುರುತನ್ನೂ ಹಾಕಿ, ಇಲ್ಲದಿದ್ದರೆ ಬ್ರೌಸರ್ ಆ ಸಾಲನ್ನೂ ಅನುವಾದಿಸಲು ಹೋಗಬಹುದು. ಎಸ್‌ವಿಜಿಗೆ ಕನ್ನಡದಲ್ಲಿ ಪರ್ಯಾಯ ಪಠ್ಯ ಕೊಡಿ. ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಚಿತ್ರದೊಳಗಿನ ಕೈ ಕಾಣುವುದಿಲ್ಲ, ಅದು ಓದಿ ಹೇಳುವುದು ಆ ಪಠ್ಯವನ್ನು ಮಾತ್ರ.